ಒಂಬತ್ತನೆಯ ಸಾಕ್ಷಿ

“ನಾನು ಏನೂ ನೋಡಿಲ್ರಿ. ಆ ಹೊತ್ತಿನಾಗ ಅಂಗಡಿ ಒಳಗ ಹಿಟ್ಟು ಕಲಸಾಕತ್ತಿದ್ದೆ.” ಕಟಕಟೆಯಲ್ಲಿ ಇಷ್ಟು ಹೇಳಿ ಹೊಸಪೇಟೆ ಕೋರ್ಟಿನ ಮೆಟ್ಟಿಲಿಳಿದು ಬಂದ ಬೆನಕಪ್ಪ, ಬೇವಿನ ಮರದ ಕೆಳಗೆ ಕೂತಿದ್ದ ಹೆಂಡತಿಯ ಮುಖ ನೋಡಲಿಲ್ಲ. ನೀಲಗಂಗಮ್ಮ ಬುತ್ತಿ ಬಿಚ್ಚಿ, ಎರಡು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಅವನ ಕೈಗಿಟ್ಟಳು. ಊಟದ ಬಿಡುವು ಮುಗಿದರೆ ಒಂಬತ್ತನೆಯ ಸಾಕ್ಷಿಯಾಗಿ ಅವಳ ಸರದಿ.

ಹಗರಿಬೊಮ್ಮನಹಳ್ಳಿಯ ಟೆಂಪೊ ಸ್ಟ್ಯಾಂಡಿನ ಎದುರು ಗಂಡಹೆಂಡಿರ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ. ಮೂರು ವರ್ಷದ ಹಿಂದೆ, ಯಾರ ಗಾಡಿ ಮೊದಲು ತುಂಬಬೇಕು ಎಂಬ ಪಾಳಿಯ ಜಗಳದಲ್ಲಿ ಏಜೆಂಟ್ ಅಮರೇಶ, ಗಾಲಿ ಬಿಚ್ಚುವ ಪಾನಾ ಎತ್ತಿ ಡ್ರೈವರ್ ಚೌಡಣ್ಣನ ತಲೆಗೆ ಹೊಡೆದು ಕೊಂದದ್ದನ್ನು ಇಬ್ಬರೂ ಹತ್ತು ಹೆಜ್ಜೆ ದೂರದಿಂದ ನೋಡಿದ್ದರು. ಮರುದಿನ ಊರೇ ಅಂಗಡಿ ಮುಚ್ಚಿ ತಹಸೀಲ್ದಾರರ ಕಚೇರಿಗೆ ಮೆರವಣಿಗೆ ಹೋಯಿತು. ‘ಅಮರೇಶನ್ನ ಗಲ್ಲಿಗೆ ಹಾಕ್ರಿ’ ಎಂದು ಎಲ್ಲರಿಗಿಂತ ಜೋರಾಗಿ ಕೂಗಿ, ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದವನು ಬೆನಕಪ್ಪ. ಎರಡು ದಿನ ಶುಂಠಿ ಕಷಾಯ ಕಾಸಿಕೊಟ್ಟವಳು ನೀಲಗಂಗಮ್ಮ. ಅವನ ಜೊತೆ ಕೂಗಿದವರಲ್ಲಿ ಏಳು ಮಂದಿ ಅವನಿಗಿಂತ ಮುಂಚೆಯೇ ಅದೇ ಕಟಕಟೆ ಹತ್ತಿ, ಏನೂ ನೋಡಿಲ್ಲವೆಂದು ಹೇಳಿ, ಊರಿನ ಬಸ್ಸು ಹಿಡಿದು ಹೋಗಿದ್ದರು.

“ಉಪ್ಪು ಹೆಚ್ಚಾಗೇತೇನ್ರಿ?” ಎಂದಳು, ಅವನು ತುತ್ತು ನುಂಗದೆ ಕೂತದ್ದನ್ನು ನೋಡಿ.

“ನೀನೂ ಹಂಗ ಹೇಳಿಬಿಡು ನೀಲಗಂಗಾ. ನಮ್ಮ ಮಾತಿನ ಮ್ಯಾಲ ಒಬ್ಬನ್ನ ನೇಣಿಗೆ ಹಾಕಿದ್ರ, ಆ ಪಾಪ ನಮಗ್ಯಾಕ?”

“ನೇಣಿಗೆ ಹಾಕ್ರಿ ಅಂತ ನಾನು ಕೂಗಿಲ್ಲ. ನೀವು ಕೂಗಿದ್ರಿ.”

“ಬೀದಿಯಾಗ ಕೂಗಾದು ಬ್ಯಾರೆ.”

“ಗಲ್ಲಾದ್ರ ಸ್ಟ್ಯಾಂಡಿನಾಗ ಇನ್ನೊಬ್ಬ ಕೈ ಎತ್ತಂಗಿಲ್ಲ ಅಂದಿದ್ರಿ ಅವತ್ತು. ಈಗ ಒಂಬತ್ತು ಮಂದೀನೂ ನೋಡಿಲ್ಲ ಅಂದ್ರ, ಶಿಕ್ಷಾ ಎಷ್ಟು ದೊಡ್ಡದಿದ್ರ ಏನು? ಕೈ ಎತ್ತಾವನಿಗೆ ಯಾರ ಹೆದರಿಕಿ?” ಎಂದು ಅವಳು ಮೆಲ್ಲಗೆ ಕೇಳಿ, ಅವನ ರೊಟ್ಟಿಯ ಮೇಲೆ ಇನ್ನೊಂದಿಷ್ಟು ಪಲ್ಯ ಹಾಕಿದಳು.

ಪಾಪದ ಮಾತು ಬರೀ ನೆಪವೆಂಬುದು ಬೆನಕಪ್ಪನಿಗೆ ಗೊತ್ತಿತ್ತು. ಹೋದ ತಿಂಗಳು ಅಮರೇಶನ ಸೋದರಮಾವ ಅಂಗಡಿಗೆ ಬಂದು, ಎರಡು ಪ್ಲೇಟು ಮೆಣಸಿನಕಾಯಿ ತಿಂದು, ಕೈ ಒರೆಸಿಕೊಳ್ಳುತ್ತ, “ಅಕ್ಕಾರು ಬೆಳಕು ಹರಿಯಾಕ ಮುಂಚೆ ಒಬ್ರ ನೀರಿಗೆ ಹೋಗ್ತಾರಲ್ಲ, ಹುಷಾರಿರಾಕ ಹೇಳು” ಎಂದು ನಕ್ಕು ಹೋಗಿದ್ದ. ಅದನ್ನು ಬೆನಕಪ್ಪ ಹೆಂಡತಿಗೆ ಹೇಳಿರಲಿಲ್ಲ. ಮಾರನೆಯ ದಿನದಿಂದ ಕೊಡ ತಾನೇ ಎತ್ತಿಕೊಂಡು ನಲ್ಲಿಗೆ ಹೋಗತೊಡಗಿದ್ದ. ಯಾಕೆಂದು ಕೇಳಿದರೆ, ಭಾರ ಹೊತ್ತರೆ ಸೊಂಟಕ್ಕೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದಾರೆ ಎಂದಿದ್ದ.

ಮಧ್ಯಾಹ್ನ ಅವಳ ಹೆಸರು ಕೂಗಿದಾಗ ಅವನು ಹಿಂದೆಯೇ ಹೋಗಿ ಬಾಗಿಲ ಹತ್ತಿರ ನಿಂತ. ನೀಲಗಂಗಮ್ಮ ನೋಡಿದ್ದನ್ನು ನೋಡಿದ ಹಾಗೆ ಹೇಳಿದಳು. ಚೌಡಣ್ಣ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ, ಅಮರೇಶ ಹಿಂದಿನಿಂದ ಬಂದ, ಎರಡು ಏಟು, ಚೌಡಣ್ಣನಿಗೆ ಕೂಗಲಿಕ್ಕೂ ಆಗಲಿಲ್ಲ. ಅಮರೇಶನ ವಕೀಲರು ಎದ್ದು ನಿಂತರು.

“ನಿಮ್ಮ ಯಜಮಾನರೂ ಅದೇ ಅಂಗಡಿಯಲ್ಲಿದ್ದರು. ಏನೂ ನೋಡಿಲ್ಲ ಅಂತ ಇವತ್ತು ಬೆಳಿಗ್ಗೆ ಹೇಳಿ ಹೋಗಿದ್ದಾರೆ. ಹಾಗಾದರೆ ಅವರು ಸುಳ್ಳುಗಾರರೇನಮ್ಮ?”

ಬೆನಕಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ನೀಲಗಂಗಮ್ಮ ಸೆರಗು ಸರಿಮಾಡಿಕೊಂಡು ಅವನ ಕಡೆಗೊಮ್ಮೆ ನೋಡಿದಳು.

“ಅಲ್ರಿ. ಲಗ್ನ ಆಗಿ ಇಪ್ಪತ್ತಾರು ವರ್ಷದಾಗ ನನಗ ಒಂದ ಸುಳ್ಳು ಹೇಳ್ಯಾರ, ನೀರು ಹೊತ್ರ ಸೊಂಟಕ್ಕ ಒಳ್ಳೇದು ಅಂತ. ಈ ಹುಡುಗನ ಮಾವ ಬಂದು ಏನಂದು ಹೋದ ಅನ್ನಾದು ಒಳಗ ನನಗೂ ಕೇಳಿಸಿತ್ರಿ. ಅವರು ತಮ್ಮ ಜೀವಕ್ಕ ಹೆದರಿಲ್ಲ. ನನ್ನ ಜೀವಕ್ಕ ಹೆದರ್ಯಾರ.”

ವಕೀಲರು ಕಡತದ ಹಾಳೆ ತಿರುವಿದರು. “ಅಂದರೆ ಇವನು ನೇಣಿಗೆ ಹೋಗಬೇಕು ಅನ್ನೋದು ನಿಮ್ಮ ಆಸೆ.”

“ಬ್ಯಾಡ್ರಿ. ನಮ್ಮ ಅಂಗಡಿಯಾಗ ತಿಂದು ಬೆಳದ ಹುಡುಗ. ಆದ್ರ ಹೊಡದಿಲ್ಲ ಅಂತ ಹೆಂಗ ಹೇಳ್ಲಿ?”

ಬೆಳಗಿನಿಂದ ನೆಟ್ಟಗೆ ನಿಂತಿದ್ದ ಅಮರೇಶ ಆಗ ತಲೆ ತಗ್ಗಿಸಿದ.

ಊರಿನ ಬಸ್ಸು ಮರಿಯಮ್ಮನಹಳ್ಳಿ ದಾಟಿತು. ಆಮೇಲೆ ಬೆನಕಪ್ಪ, “ನನ್ನ ಕೈಲಿ ಆಗಲಿಲ್ಲ ನೋಡು” ಎಂದ.

“ಗೊತ್ತೈತಿ ತಗೋರಿ. ನಾಳಿಂದ ನೀರಿಗೆ ಇಬ್ರೂ ಹೋಗೋಣು,” ಎಂದು ಅವಳು ಅವನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದಳು. ಊರು ಬರುವವರೆಗೆ ಅವನು ಹೆಗಲು ಅಲುಗಿಸಲಿಲ್ಲ.

ಎರಡು ತಿಂಗಳಿಗೆ ತೀರ್ಪು ಬಂತು. ಒಬ್ಬಳೇ ಹೆಣ್ಣುಮಗಳ ಮಾತಾದರೂ ಅದು ನಂಬುವಂಥದ್ದೆಂದು ನ್ಯಾಯಾಧೀಶರು ಅಮರೇಶನಿಗೆ ಜೀವಾವಧಿ ಶಿಕ್ಷೆ ಕೊಟ್ಟಿದ್ದರು. ಅಂದು ಸಂಜೆ ಅಂಗಡಿ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮೊದಲನೆಯ ಸಾಕ್ಷಿಯಾಗಿ ಕೋರ್ಟಿಗೆ ಹೋಗಿಬಂದಿದ್ದ ಬಾಳೆಹಣ್ಣಿನ ಬಂಗಾರಪ್ಪ ಬಿಸಿ ಮೆಣಸಿನಕಾಯಿ ಮುರಿಯುತ್ತ, “ಜೀವಾವಧಿ ಎಲ್ಲಿ ಸಾಲ್ತೈತಿ? ಅಂಥಾವಗ ಗಲ್ಲೇ ಆಗಬೇಕಿತ್ತು” ಎಂದ. ನಾಲ್ಕಾರು ಮಂದಿ ಹೌದೆಂದು ತಲೆಯಾಡಿಸಿದರು.

ಬೆನಕಪ್ಪ ಸೌಟು ಕೆಳಗಿಟ್ಟ.

“ಎಂಟು ಮಂದಿ ಹೋಗಿ ಅವನ್ನ ಬಿಡಿಸಿ ಬಂದಿದ್ವಿ ಬಂಗಾರಪ್ಪ. ನೀನೊಬ್ಬ, ನಾನೊಬ್ಬ.”