ಮೂರು ಬಡಿತ

ಟಕ್, ಟಕ್, ಟಕ್.

ಚಪ್ಪಡಿಯ ಕೆಳಗಿನಿಂದ ಮತ್ತೆ ಬಂತು. ಕುಸಿದ ಮನೆಯ ಮೇಲೆ ಕುಳಿತಿದ್ದ ಗುಲಾಮ ಹೆರ್ಮಾಸ್ ಕದಲಲಿಲ್ಲ.

ಇಪ್ಪತ್ತೆರಡು ವರ್ಷಗಳಲ್ಲಿ ಧಣಿ ಫಿಲಾಗ್ರ ಅವನನ್ನು ಹೆಸರು ಹಿಡಿದು ಕರೆದವನಲ್ಲ. ನೆಲಕ್ಕೆ ಕೋಲಿನಿಂದ ಮೂರು ಸಲ ಕುಟ್ಟುತ್ತಿದ್ದ. ಮೂರನೆಯದು ಮುಗಿಯುವುದರೊಳಗೆ ಹೆರ್ಮಾಸ್ ಎದುರು ನಿಂತಿರಬೇಕು. ತಡವಾದರೆ ಅದೇ ಕೋಲು ಬೆನ್ನಿಗೆ. ಉಣ್ಣುತ್ತಿದ್ದರೂ, ಮಲಗಿದ್ದರೂ ಓಡಬೇಕು. ಮಗು ಸತ್ತ ದಿನ ಕೂಡ ಹೆಂಡತಿ ಮಿರ್ಟಾಳ ಕೈ ಬಿಡಿಸಿಕೊಂಡು ಓಡಿದ್ದ.

ಇವತ್ತು ಮಾತ್ರ ಓಡುವುದಿಲ್ಲ.

ಹೋದ ವರ್ಷ ಫಿಲಾಗ್ರ ಏಳು ಸಾಕ್ಷಿಗಳ ಮುಂದೆ ಉಯಿಲು ಬರೆಸಿದ್ದ. ತಾನು ಸತ್ತ ದಿನವೇ ಹೆರ್ಮಾಸ್, ಮಿರ್ಟಾ ಇಬ್ಬರಿಗೂ ಬಿಡುಗಡೆ. ಊರವರಿಂದ ದೊಡ್ಡ ಮನುಷ್ಯ ಎನ್ನಿಸಿಕೊಳ್ಳುವ ಚಪಲ, ಅಷ್ಟೇ. ಎಪ್ಪತ್ತು ದಾಟಿದರೂ ಮುದುಕ ಗುಂಡುಕಲ್ಲಿನ ಹಾಗಿದ್ದ.

ಬೆಳಗಿನ ಜಾವ ಭೂಮಿ ನಡುಗಿ ಅರ್ಧ ಕೂರಿಯನ್ ಪಟ್ಟಣ ನೆಲಕಚ್ಚಿತು. ನೀರು ತರಲು ಹೋಗಿದ್ದ ಹೆರ್ಮಾಸ್ ಬದುಕಿದ. ಮಿರ್ಟಾಳಿಗೆ ಬೆಳಕು ಹರಿಯುವ ಮೊದಲೇ ದ್ರಾಕ್ಷಿತೋಟಕ್ಕೆ ಹೋಗಲು ಅಪ್ಪಣೆಯಾಗಿತ್ತು. ಅವನು ಎದ್ದಾಗ ಅವಳ ಚಾಪೆ ಖಾಲಿ. ಲಾಯದಲ್ಲಿ ಕತ್ತೆಯೂ ಇರಲಿಲ್ಲ. ಸದ್ಯ, ಅವಳು ಬಯಲಿನಲ್ಲಿದ್ದಾಳೆ. ಧಣಿಯೋ, ಬಿಸಿಲೇರುವ ತನಕ ಹಾಸಿಗೆ ಬಿಡದ ಆಸಾಮಿ. ಸದ್ದು ಬರುತ್ತಿರುವುದೂ ಅವನ ಕೋಣೆಯಿಂದಲೇ.

ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದವನ ಬಾಯಿಗೆ ಕಡೆಗೂ ಮಣ್ಣು ಬಿತ್ತು ಎಂದು ಹೆರ್ಮಾಸ್‌ಗೆ ನಗು ಬಂತು. ಸಂಜೆ ಈ ಸುದ್ದಿ ತಿಳಿದಾಗ, ಮಾತು ಬಾರದ ಮಿರ್ಟಾಳ ಮುಖ ಹೇಗೆ ಅರಳೀತು ಎಂದು ಊಹಿಸಿಕೊಂಡ.

ಪಕ್ಕದ ಮನೆಯ ಕಲ್ಲುಕುಟಿಗ ದೆಮಿಯಾಸ್ ಹಾರೆ ಹಿಡಿದು ಬಂದ.

"ಒಳಗೆ ಯಾರಾದ್ರೂ ಇದ್ದಾರೇನೋ?"

"ಧಣಿ ಇದ್ರು ಅಣ್ಣ. ಈಗಿಲ್ಲ."

"ಸರಿಯಾಗಿ ಕಿವಿಗೊಟ್ಟು ಕೇಳಿದ್ಯಾ?"

"ಇಪ್ಪತ್ತೆರಡು ವರ್ಷದಿಂದ ನಂಗೆ ಅದೇ ಕೆಲಸ. ನೀವು ಬದುಕಿರೋರ ಕಡೆ ಹೋಗಿ."

ಕೆಳಗೆ ಟಕ್ ಎಂದಿತು. ಹೆರ್ಮಾಸ್ ಕಾಲಿನಿಂದ ಒಂದು ಕಲ್ಲು ಉರುಳಿಸಿ ಜೋರಾಗಿ ಕೆಮ್ಮಿದ.

"ಹಾಗಾದ್ರೆ ಇನ್ಮೇಲೆ ನೀನೇ ಧಣಿಯಪ್ಪ!" ಎಂದು ಅವನ ಬೆನ್ನು ತಟ್ಟಿ ದೆಮಿಯಾಸ್ ಮುಂದೆ ಹೋದ.

ಮಧ್ಯಾಹ್ನ ಬಡಿತ ನಿಧಾನವಾಯಿತು. ಹೆರ್ಮಾಸ್‌ಗೆ ಒಂದು ಚೇಷ್ಟೆ ಹೊಳೆಯಿತು. ಕಲ್ಲೊಂದನ್ನು ಎತ್ತಿಕೊಂಡು ಚಪ್ಪಡಿಯ ಮೇಲೆ ತಾನೇ ಮೂರು ಸಲ ಕುಟ್ಟಿದ. ಕೆಳಗೆ ಹುಚ್ಚು ಹಿಡಿದಂತೆ ಬಡಿತ ಶುರುವಾಯಿತು, ಬಿಡುವೇ ಇಲ್ಲ.

"ಬಂದೆ ಧಣಿ, ಬಂದೆ" ಎನ್ನುತ್ತ ಅವನು ಕಾಲು ಚಾಚಿ ಕುಳಿತ. ಬುತ್ತಿಯಲ್ಲಿದ್ದ ಒಣ ಅಂಜೂರವನ್ನು ನಿಧಾನವಾಗಿ ಅಗಿದ. ಜೀವನದಲ್ಲಿ ಇಷ್ಟು ರುಚಿಯಾದದ್ದನ್ನು ತಿಂದೇ ಇರಲಿಲ್ಲ.

ಸೂರ್ಯ ಸಮುದ್ರಕ್ಕಿಳಿಯುವ ಹೊತ್ತಿಗೆ ಎರಡು ಬಡಿತ ಬಂತು. ಮೂರನೆಯದು ಬರಲಿಲ್ಲ. ಹೆರ್ಮಾಸ್ ಬಹಳ ಹೊತ್ತು ಕಾದ. ಆಮೇಲೆ ಎದ್ದು ನಿಂತು, ಸಂತೋಷಕ್ಕೆ ಅತ್ತುಬಿಟ್ಟ.

ಟಕ್, ಟಕ್, ಟಕ್.

ಬೆನ್ನ ಹಿಂದಿನಿಂದ. ಕತ್ತೆಯ ಮೇಲೆ ಕುಳಿತ ಫಿಲಾಗ್ರ, ಉರುಳಿಬಿದ್ದ ಕಂಬಕ್ಕೆ ಕೋಲು ಕುಟ್ಟುತ್ತಿದ್ದ.

"ಏನೋ ಮಿಕಮಿಕ ನೋಡ್ತೀಯಾ, ಸೋಮಾರಿ? ದ್ರಾಕ್ಷಿ ಕದಿಯೋರನ್ನ ಹಿಡಿಯೋಣ ಅಂತ ಜಾವಕ್ಕೇ ನಾನೇ ತೋಟಕ್ಕೆ ಹೋದೆ. ದಾರಿ ಪೂರ್ತಿ ಬಿರುಕು ಬಿಟ್ಟು, ವಾಪಸು ಬರೋಕೆ ಇಷ್ಟು ಹೊತ್ತಾಯ್ತು. ನಿನ್ನ ಹೆಂಡತೀನ ಎಬ್ಬಿಸಿ, ನನ್ನ ಕೋಣೆ ತೊಳಿ ಅಂದು ಹೋಗಿದ್ದೆ. ಆ ಮೂಗೀನ ಹೊರಗೆ ತೆಗ್ದೆ ತಾನೆ?"

ಏನೇ ಬಿಟ್ಟಾದರೂ ಗಂಡ ಓಡಿಬರುವ ಕರೆ ಯಾವುದೆಂದು, ಕೂಗಲು ಬಾಯಿಲ್ಲದ ಮಿರ್ಟಾಳಿಗೆ ಚೆನ್ನಾಗಿ ಗೊತ್ತಿತ್ತು.