ಬೆನ್ನಿನ ಬುರುಡೆ

ಬೇಸಿಗೆಗೆ ಹೊಳೆ ಬತ್ತಿ, ಬಂಡೆಗಳ ನಡುವೆ ಮಡುಗಳಷ್ಟೇ ಉಳಿದಿದ್ದವು. ಈಜು ಕಲಿಸುತ್ತೇನೆಂದು ದಾಕ್ಷಾಯಣಿ ಗೆಳತಿ ಮಹಾನಂದಾಳನ್ನು ಬೆಳಿಗ್ಗೆಯೇ ಎಳೆದು ತಂದು, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿದಳು.

"ಇದು ಇರೂತನಕ ನೀ ಮುಳುಗೂದಿಲ್ಲ. ಕೈಕಾಲು ಬಡಿ."

ಮಧ್ಯಾಹ್ನದವರೆಗೂ ಮಹಾನಂದಾ ದಡದ ಅಂಚಿನಲ್ಲೇ ಬಡಿದಳು. ಅವಳ ಜೀವವೆಲ್ಲ ಆ ಬುರುಡೆಯಲ್ಲೇ ಇತ್ತು. ರೊಟ್ಟಿ ತಿಂದ ಮೇಲೆ ದಾಕ್ಷಾಯಣಿ ಒಬ್ಬಳೇ ಮಡುವಿನ ನಡುವಿಗೆ ಈಜಿಹೋದಳು.

"ನಂದಾ, ಕಾಲು ಸೆಟದೈತಿ!"

"ಸಾಕು ಬಿಡ ನಿನ್ನ ನಾಟಕ."

"ನಾಟಕ ಅಲ್ಲ..."

ಮಾತು ಮುಗಿಯುವ ಮೊದಲೇ ತಲೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ಸುತ್ತ ನರಪಿಳ್ಳೆಯೂ ಇರಲಿಲ್ಲ. ಬುರುಡೆ ಇದೆಯಲ್ಲ ಎಂಬ ಒಂದೇ ಧೈರ್ಯದಿಂದ ಮಹಾನಂದಾ ಧುಮುಕಿದಳು. ಬಡಿಬಡಿದು ಹೋಗಿ, ಜಡೆಗೆ ಕೈಹಾಕಿ, ಗೆಳತಿಯನ್ನು ಎದುರು ದಡದ ಬಂಡೆಗೆ ಎಳೆದು ತಂದಳು.

ಕೆಮ್ಮು ನಿಂತ ಮೇಲೆ ದಾಕ್ಷಾಯಣಿ ಕೇಳಿದಳು: "ಅಷ್ಟು ದೂರ ಹೆಂಗ ಬಂದಿ?"

"ನಂದೇನೈತಿ, ಬುರುಡೀನ ನನ್ನ ತೇಲಿಸಿ ತಂತು. ಬಿಚ್ಚು ಇನ್ನ, ಹಗ್ಗ ಒತ್ತಾಕತ್ತೈತಿ."

ದಾಕ್ಷಾಯಣಿ ಅವಳ ಬೆನ್ನು ನೋಡಿದಳು, ಆಮೇಲೆ ಆಚೆ ದಡ ನೋಡಿದಳು. ಅಲ್ಲಿ ರೊಟ್ಟಿಗಂಟಿನ ಪಕ್ಕ, ಊಟಕ್ಕೆ ಕೂರುವಾಗ ಹಗ್ಗದ ಸಮೇತ ಬಿಚ್ಚಿಟ್ಟ ಬುರುಡೆ ಬಿಸಿಲು ಕಾಯಿಸುತ್ತಿತ್ತು.