ಹದಿನೇಳನೇ ಸ್ಲೈಡು

ಹದಿನೇಳನೇ ಸ್ಲೈಡಿಗೆ ಬರುವ ಹೊತ್ತಿಗೆ ಅಕ್ಕನ ಗೊರಕೆ ನಿಂತಿತು.

ತಮ್ಮನಿಗೆ ಖುಷಿಯಾಯಿತು. ಕಣ್ಣಿನ ಆಸ್ಪತ್ರೆಯ ಲಿಫ್ಟು ನೋಡಿಕೊಳ್ಳುವ ಎಂಜಿನಿಯರ್ ಅವನು. ನಾಳೆ ಆಡಳಿತ ಮಂಡಳಿಯ ಮುಂದೆ ಮಾತಾಡಬೇಕು. ಅದಕ್ಕೇ ಭಾನುವಾರದ ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಈ ತಾಲೀಮು. ಕೇಳುವವಳು ಒಬ್ಬಳೇ, ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತಳಾದ ಅಕ್ಕ.

ಬೇಕಾಗಿದ್ದದ್ದು ಒಂದು ಬ್ಯಾಟರಿ ಪೆಟ್ಟಿಗೆ, ಅಷ್ಟೇ. ಕರೆಂಟು ಹೋದರೆ ಅದು ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುತ್ತದೆ. ಅಲ್ಲಿನ ಜನರೇಟರ್ ಇರುವುದು ಆಪರೇಷನ್ ಕೋಣೆಗೆ ಮಾತ್ರ. ಕಳೆದ ತಿಂಗಳು, ಎರಡು ಕಣ್ಣಿಗೂ ಪಟ್ಟಿ ಕಟ್ಟಿದ್ದ ಅಜ್ಜಿಯೊಬ್ಬರು ಅರ್ಧ ಗಂಟೆ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು. ಹೊರಗೆ ಬಂದಮೇಲೂ ಅವನ ತೋಳು ಬಿಟ್ಟಿರಲಿಲ್ಲ. ಇನ್ನೊಂದು ಸಲ ಹೀಗಾಗುವುದಿಲ್ಲ ಎಂದು ಅವನು ಅವರಿಗೆ ಮಾತು ಕೊಟ್ಟಿದ್ದ. ಮಂಡಳಿಯೋ, ಎರಡು ಸಲ ಬೇಡ ಎಂದಿತ್ತು. ಮೊದಲ ಸಲ ಅಧ್ಯಕ್ಷರು ಫೋನಿನಿಂದ ತಲೆ ಎತ್ತಲಿಲ್ಲ. ಎರಡನೇ ಸಲ ಖಜಾಂಚಿಯವರು ನಿದ್ದೆಹೋದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗಿತ್ತು. ಮೂರನೆಯದೂ ಬಿದ್ದರೆ ಆ ಕಡತವನ್ನೇ ಮುಚ್ಚುತ್ತಾರೆ.

ಹದಿನೇಳರಲ್ಲಿ ಇದ್ದದ್ದು ವೈರಿಂಗ್ ನಕ್ಷೆ. ಅಕ್ಕ ಕನ್ನಡಕ ಏರಿಸಿ ಒಂದೇ ಸಮ ಪ್ರಶ್ನೆ ಕೇಳಿದಳು. ಈ ಹಸಿರು ಗೆರೆ ಏನು, ಮೆಟ್ಟಿಲ ಕೆಳಗಿನ ಕೆಂಪು ಹಿಡಿ ಏನು, ಈ ಚೌಕ ಯಾಕೆ, ಲಿಫ್ಟು ನಡುವೆ ನಿಂತರೆ ಒಳಗಿನವರಿಗೆ ಅಪಾಯವೇ. ಯಾರೋ ಪ್ರಶ್ನೆ ಕೇಳಿದರಲ್ಲ ಎಂಬ ಸಂತೋಷದಲ್ಲಿ ಅವನು ಎಲ್ಲಕ್ಕೂ ಉತ್ತರಿಸಿದ. ಹಸಿರು ಗೆರೆ ಅರ್ತ್ ತಂತಿ, ಕೆಂಪು ಹಿಡಿ ಲಿಫ್ಟಿನ ಮೇನ್ ಸ್ವಿಚ್ಚು, ಚೌಕ ಬ್ಯಾಟರಿ ಪೆಟ್ಟಿಗೆಯ ಜಾಗ; ನಡುವೆ ನಿಂತರೂ ಅಪಾಯವಿಲ್ಲ, ಗಾಳಿ ಆಡುತ್ತದೆ, ಕತ್ತಲೆ ಮತ್ತು ಭಯ, ಅಷ್ಟೇ.

"ಈ ಐವತ್ತನಾಲ್ಕು ಸ್ಲೈಡನ್ನೂ ತೆಗೆದುಹಾಕು," ಎಂದಳು ಅಕ್ಕ. "ನಾಲ್ಕು ನಿಮಿಷದಲ್ಲಿ ಬಾಯಲ್ಲಿ ಹೇಳು. ಹಸಿವಿಲ್ಲದೋರಿಗೆ ಬಡಿಸಿದ್ರೆ ಊಟ ದಂಡ ಕಣೋ."

"ಹಸಿವು ಎಲ್ಲಿಂದ ತರ್ಲಿ?"

ಅವಳು ಆಕಳಿಸಿ, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಮೊದಲಿನಿಂದ ಶುರು ಮಾಡು ಎಂದಳು. ಏಳನೇ ಸಲಕ್ಕೆ ಮಾತು ಸರಿಯಾಗಿ ನಾಲ್ಕು ನಿಮಿಷಕ್ಕೆ ಬಂತು.

ಮರುದಿನ ಅಕ್ಕನೂ ಜೊತೆಗೆ ಹೊರಟಳು. ಆದರೆ ಮೇಲೆ ಬರಲು ಮಾತ್ರ ಒಪ್ಪಲಿಲ್ಲ. ಲಿಫ್ಟೆಂದರೆ ಭಯವಂತೆ, ಮೆಟ್ಟಿಲಿಗೆ ಮಂಡಿನೋವಂತೆ. ಕೆಳಗೆ ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟಳು.

ಹನ್ನೊಂದಕ್ಕೆ ಅಧ್ಯಕ್ಷರು, ಖಜಾಂಚಿ, ದೊಡ್ಡ ಡಾಕ್ಟರಮ್ಮ ಬಂದರು. ಸಭೆ ಐದನೇ ಮಹಡಿಯಲ್ಲಿ. ಲ್ಯಾಪ್‌ಟಾಪ್ ಅವಚಿಕೊಂಡು ಅವನೂ ಅವರ ಜೊತೆ ಲಿಫ್ಟು ಹತ್ತಿದ. ಐವತ್ತನಾಲ್ಕು ಸ್ಲೈಡೂ ಅದರೊಳಗೆ ಭದ್ರವಾಗಿದ್ದವು, ಅಕ್ಕನಿಗೆ ಹೇಳಿರಲಿಲ್ಲ.

ಎರಡನೇ ಮಹಡಿ ದಾಟಿದ್ದೇ ಲಿಫ್ಟು ಗಕ್ಕನೆ ನಿಂತಿತು. ದೀಪ ಆರಿತು.

ಕತ್ತಲಲ್ಲಿ ಖಜಾಂಚಿಯವರ ಕೈ ಅವನ ತೋಳನ್ನು ಹುಡುಕಿ ಹಿಡಿಯಿತು. ಆ ಅಜ್ಜಿಯದೂ ಇದೇ ಹಿಡಿತ.

"ಈಗೇನ್ರೀ ಮಾಡೋದು?" ಅಧ್ಯಕ್ಷರ ದನಿ ತೆಳ್ಳಗಾಗಿತ್ತು.

"ಕಾಯೋದು ಸರ್. ಆ ಅಜ್ಜಿ ಅರ್ಧ ಗಂಟೆ ಕಾದ್ರು. ಕಣ್ಣಿಗೆ ಪಟ್ಟಿ ಬೇರೆ."

ಅವನು ಬಾಯಿಪಾಠ ಮಾಡಿದ್ದನ್ನು ಹೇಳತೊಡಗಿದ. ಪೆಟ್ಟಿಗೆ ಎಲ್ಲಿ ಕೂರುತ್ತದೆ, ಏನು ಮಾಡುತ್ತದೆ, ಎಷ್ಟು ದಿನದಲ್ಲಿ ಹಾಕಬಹುದು. ಜೀವನದಲ್ಲಿ ಮೊದಲ ಸಲ ಮೂವರು ಅವನ ಮಾತನ್ನು ಉಸಿರು ಬಿಗಿಹಿಡಿದು ಕೇಳಿದರು. ಕೊನೆಯ ವಾಕ್ಯ ಮುಗಿಯಿತು, ದೀಪ ಬಂತು, ಲಿಫ್ಟು ಮೇಲೇರಿತು. ದೇವರು ದೊಡ್ಡವನು ಅಂದುಕೊಂಡ.

ಅರ್ಧ ಗಂಟೆಯಿಂದ ಪ್ರೊಜೆಕ್ಟರ್ ಸುಮ್ಮನೆ ಉರಿಯುತ್ತಿದೆ ಎಂದು ಸಭಾಕೋಣೆಯ ಗುಮಾಸ್ತರು ಗೊಣಗಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಲ್ಯಾಪ್‌ಟಾಪ್ ತೆರೆಯಲು ಹೋದ. ಅಧ್ಯಕ್ಷರು ತಡೆದರು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರೀ? ಈ ವಾರಾನೇ ಹಾಕ್ಸಿ."

ಮೊದಲ ಸಹಿ ಖಜಾಂಚಿಯವರದು. ಇಳಿಯುವಾಗ ಮೂವರೂ ಮೆಟ್ಟಿಲು ಹಿಡಿದರು.

ಅವನು ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಬಂದ. ಅಜ್ಜಿಗೆ ಕೊಟ್ಟ ಮಾತು ಉಳಿಯಿತೆಂದು ಕಣ್ಣು ತುಂಬಿತ್ತು. ತನ್ನ ಅದೃಷ್ಟವನ್ನು ಎಷ್ಟು ಹೊಗಳಿಕೊಂಡರೂ ಸಾಲದು. ಕರೆಂಟು ಅದೇ ಗಳಿಗೆಯಲ್ಲಿ ಹೋಗಬೇಕೇ! ಅಕ್ಕ ಕರವಸ್ತ್ರದಲ್ಲಿ ಅಂಗೈ ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ನಾಲ್ಕು ನಿಮಿಷಕ್ಕೆ ಮುಗಿಸಿದೆ ತಾನೇ?"

"ಸರಿಯಾಗಿ ನಾಲ್ಕು."

"ಸದ್ಯ," ಎಂದಳು ಅಕ್ಕ, ಗಡಿಯಾರ ಕೈಗೆ ಕಟ್ಟಿಕೊಳ್ಳುತ್ತ. "ಆ ಕೆಂಪು ಹಿಡಿಗೆ ಒಂಚೂರು ಎಣ್ಣೆ ಹಾಕ್ಸೋ, ವಾಪಸ್ ಮೇಲೆತ್ತೋ ಹೊತ್ತಿಗೆ ಸಾಕುಸಾಕಾಯ್ತು."